ತಕ್ಕಡಿಯ ಮುಳ್ಳು ಮತ್ತು ಅತಿವಾಹಕದ ಜಾಲಕ

ಅಧಿಕ ತಾಪದ ಅತಿವಾಹಕಗಳನ್ನು ಪರಿಚಯಿಸುವ ಬರಹಗಳಲ್ಲಿ ಒಂದು ಮಾತು ಮತ್ತೆ ಮತ್ತೆ ಎದುರಾಗುತ್ತದೆ. ತಾಮ್ರದ ಆಕ್ಸೈಡುಗಳಲ್ಲಿ ಸಮಸ್ಥಾನಿ ಪರಿಣಾಮ ಇಲ್ಲವೆನ್ನುವಷ್ಟು ಕಡಿಮೆ, ಆದ್ದರಿಂದ ಅವುಗಳ ಅತಿವಾಹಕತೆಗೂ ಸ್ಫಟಿಕ ಜಾಲಕದ ಕಂಪನಗಳಿಗೂ ಸಂಬಂಧವಿಲ್ಲ ಎಂಬುದೇ ಆ ಮಾತು. ಇದರ ಮೊದಲ ಭಾಗ ಕೆಲವು ಸಂಯುಕ್ತಗಳ ಮಟ್ಟಿಗೆ ಮಾತ್ರ ನಿಜ. ಎರಡನೆಯ ಭಾಗ ಮೊದಲನೆಯದರಿಂದ ಹೊರಡುವುದಿಲ್ಲ. ಹೀಗಿದ್ದರೂ 1987ರಲ್ಲಿ ಹುಟ್ಟಿದ ಈ ತೀರ್ಪು ಪಠ್ಯಪುಸ್ತಕಗಳಲ್ಲಿ, ಉಪನ್ಯಾಸಗಳಲ್ಲಿ ಗಟ್ಟಿಯಾಗಿ ನೆಲೆಯೂರಿದೆ. ಅದನ್ನು ಪ್ರಶ್ನಿಸುವವರಲ್ಲಿ ಕೆಲವರು ಇನ್ನೊಂದು ತುದಿಗೆ ಹೋಗಿ, ಎಲ್ಲವೂ ಜಾಲಕದ್ದೇ ಕೆಲಸ ಎನ್ನುತ್ತಾರೆ. ಈ ಎರಡು ವಾದಗಳಿಗೂ ಇರುವ ಆಧಾರವೆಷ್ಟು ಎಂಬುದನ್ನು ಪರಿಶೀಲಿಸುವುದು ಈ ಲೇಖನದ ಉದ್ದೇಶ.

ಪ್ರಶ್ನೆ ಬರಿಯ ಪಾಂಡಿತ್ಯದ್ದಲ್ಲ. ಇನ್ನೂ ಹೆಚ್ಚಿನ ತಾಪದಲ್ಲಿ ಕೆಲಸಮಾಡುವ ಅತಿವಾಹಕವನ್ನು ಹುಡುಕುವವರು ಯಾವ ಸಂಯುಕ್ತವನ್ನು ತಯಾರಿಸಬೇಕು, ಅದರಲ್ಲಿ ಏನನ್ನು ಬದಲಿಸಬೇಕು ಎಂಬುದು ಈ ಪ್ರಶ್ನೆಯ ಉತ್ತರವನ್ನು ಅವಲಂಬಿಸಿದೆ. ಜಾಲಕ ಅಪ್ರಸ್ತುತವೆಂದು ನಂಬಿದವರು ಎಲೆಕ್ಟ್ರಾನುಗಳ ಸಂಖ್ಯೆಯ ಕಡೆಗಷ್ಟೇ ಗಮನ ಕೊಡುತ್ತಾರೆ. ಅದು ಅಪ್ರಸ್ತುತವಲ್ಲದಿದ್ದರೆ, ಪರಮಾಣುಗಳು ಎಷ್ಟು ವಾಲಿ ನಿಂತಿವೆ ಎಂಬುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕಾಗುತ್ತದೆ.

ತೀರ್ಪಿನ ಹಿನ್ನೆಲೆ

1911ರಲ್ಲಿ ಕ್ಯಾಮರ್ಲಿಂಗ್ ಓನ್ಸ್ ಪಾದರಸದಲ್ಲಿ ಅತಿವಾಹಕತೆಯನ್ನು ಕಂಡ ಮೇಲೆ, ಅದಕ್ಕೆ ಕಾರಣವೇನೆಂಬುದು ಸುಮಾರು ನಾಲ್ಕು ದಶಕಗಳ ಕಾಲ ಒಗಟಾಗಿತ್ತು. ಒಗಟಿಗೆ ಮೊದಲ ಸುಳಿವು ದೊರೆತದ್ದು 1950ರಲ್ಲಿ. ಪಾದರಸದ ಬೇರೆ ಬೇರೆ ಸಮಸ್ಥಾನಿಗಳನ್ನು, ಅಂದರೆ ಐಸೊಟೋಪುಗಳನ್ನು, ಬಳಸಿ ನೋಡಿದಾಗ ಸರಾಸರಿ ಪರಮಾಣು ರಾಶಿ ಸುಮಾರು 199.5ರಿಂದ 203.4ಕ್ಕೆ ಏರಿದಂತೆ ಸಂಕ್ರಮಣ ತಾಪ 4.185 ಕೆಲ್ವಿನ್‌ನಿಂದ 4.146 ಕೆಲ್ವಿನ್‌ಗೆ ಇಳಿಯಿತು. ವ್ಯತ್ಯಾಸ ಅತ್ಯಲ್ಪ, ಅದರ ಅರ್ಥ ಮಾತ್ರ ದೊಡ್ಡದು. ಸಮಸ್ಥಾನಿಗಳಲ್ಲಿ ಎಲೆಕ್ಟ್ರಾನುಗಳ ಸಂಖ್ಯೆ ಒಂದೇ, ರಾಸಾಯನಿಕ ಗುಣ ಒಂದೇ. ಬೇರೆಯಾಗಿರುವುದು ಬೀಜಕಣದ ತೂಕ ಮಾತ್ರ. ತೂಕ ಬದಲಾದರೆ ಪರಮಾಣುವಿನ ಕಂಪನದ ಆವೃತ್ತಿ ಬದಲಾಗುತ್ತದೆ. ಹಾಗಾದರೆ ಅತಿವಾಹಕತೆಗೂ ಕಂಪನಕ್ಕೂ ನಂಟಿರಲೇಬೇಕು.

1957ರಲ್ಲಿ ಬಾರ್ಡೀನ್, ಕೂಪರ್ ಮತ್ತು ಶ್ರೀಫರ್ ಈ ನಂಟಿಗೆ ಸಿದ್ಧಾಂತದ ರೂಪ ಕೊಟ್ಟರು. ಒಂದು ಎಲೆಕ್ಟ್ರಾನು ಹಾದುಹೋದಾಗ ಸುತ್ತಲಿನ ಧನ ಅಯಾನುಗಳು ಅದರ ಕಡೆಗೆ ತುಸು ಸರಿಯುತ್ತವೆ. ಅವು ನಿಧಾನಗತಿಯವು. ಎಲೆಕ್ಟ್ರಾನು ದೂರ ಹೋದ ಮೇಲೂ ಆ ಸರಿತ ಉಳಿದಿರುತ್ತದೆ ಮತ್ತು ಇನ್ನೊಂದು ಎಲೆಕ್ಟ್ರಾನನ್ನು ಆಕರ್ಷಿಸುತ್ತದೆ. ಜಾಲಕದ ಕಂಪನದ ಕ್ವಾಂಟಮ್ ಆದ ಫೋನಾನಿನ ಮಧ್ಯಸ್ಥಿಕೆಯಲ್ಲಿ ಎಲೆಕ್ಟ್ರಾನುಗಳು ಜೋಡಿಗೂಡುವ ಬಗೆ ಇದು. ಈ ಸಿದ್ಧಾಂತದ ಸರಳ ರೂಪದಲ್ಲಿ ಸಂಕ್ರಮಣ ತಾಪವು ಪರಮಾಣು ರಾಶಿಯ ವರ್ಗಮೂಲಕ್ಕೆ ವಿಲೋಮ ಅನುಪಾತದಲ್ಲಿರುತ್ತದೆ. ಅಂದರೆ ಸಮಸ್ಥಾನಿ ಘಾತಾಂಕ 0.5. ಪಾದರಸ, ತವರ, ಸೀಸಗಳಲ್ಲಿ ಇದಕ್ಕೆ ಹತ್ತಿರದ ಮೌಲ್ಯವೇ ದೊರೆಯುತ್ತದೆ.

1986ರಲ್ಲಿ ಬೆಡ್ನೋರ್ಜ್ ಮತ್ತು ಮ್ಯೂಲರ್ ಲ್ಯಾಂಥನಮ್-ಬೇರಿಯಮ್-ತಾಮ್ರದ ಆಕ್ಸೈಡಿನಲ್ಲಿ 30 ಕೆಲ್ವಿನ್‌ಗೂ ಮೇಲೆ ಅತಿವಾಹಕತೆಯ ಆರಂಭವನ್ನು ಕಂಡರು. ಈ ಪದರ ರಚನೆಯ ಆಕ್ಸೈಡುಗಳ ಕುಟುಂಬ ಕರ್ನಾಟಕಕ್ಕೆ ಅಪರಿಚಿತವೇನಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಿ.ಎನ್.ಆರ್. ರಾವ್ ಮತ್ತು ಪಿ. ಗಂಗೂಲಿ ಅವುಗಳ ರಚನೆ ಮತ್ತು ಕಾಂತೀಯ ಗುಣಗಳನ್ನು ಅದಕ್ಕೂ ಮೊದಲೇ ಅಭ್ಯಸಿಸಿದ್ದರು. 1987ರಲ್ಲಿ ಯಿಟ್ರಿಯಮ್-ಬೇರಿಯಮ್-ತಾಮ್ರದ ಆಕ್ಸೈಡು ಬಂತು. ಅದರ ಸಂಕ್ರಮಣ ತಾಪ 93 ಕೆಲ್ವಿನ್, ದ್ರವ ಸಾರಜನಕದ ಕುದಿಬಿಂದುವಿಗಿಂತ ಹೆಚ್ಚು.

ಕೂಡಲೇ ಹಳೆಯ ಪರೀಕ್ಷೆಯನ್ನು ಹೊಸ ವಸ್ತುವಿನ ಮೇಲೆ ಪ್ರಯೋಗಿಸಲಾಯಿತು. ಆಮ್ಲಜನಕ-16ರ ಬದಲು ಆಮ್ಲಜನಕ-18 ತುಂಬಿದರೆ ರಾಶಿ ಶೇ. 12.5ರಷ್ಟು ಹೆಚ್ಚುತ್ತದೆ. ಘಾತಾಂಕ 0.5 ಆಗಿದ್ದರೆ ಸಂಕ್ರಮಣ ತಾಪ 5 ಕೆಲ್ವಿನ್‌ಗೂ ಹೆಚ್ಚು ಕುಸಿಯಬೇಕು. ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಬ್ಯಾಟ್ಲಾಗ್ ತಂಡ, ಬರ್ಕ್ಲಿಯಲ್ಲಿ ಬೋರ್ನ್ ತಂಡ ಅದೇ ವರ್ಷ ಅಳೆದಾಗ ಅಂಥ ಇಳಿಕೆ ಕಾಣಲಿಲ್ಲ. ನಂತರದ ಎಚ್ಚರಿಕೆಯ ಅಳತೆಗಳು ಅರ್ಧ ಕೆಲ್ವಿನ್‌ಗೂ ಕಡಿಮೆ ಇಳಿಕೆಯನ್ನು ಸೂಚಿಸಿದವು. ಫೋನಾನಿನ ಪಾತ್ರ ಮುಗಿಯಿತೆಂದು ಹಲವರು ತೀರ್ಮಾನಿಸಿದ್ದು ಆಗ.

ಆ ತೀರ್ಮಾನದ ಹಿಂದೆ ಬೇರೆ ಬಲವಾದ ಕಾರಣಗಳೂ ಇದ್ದವೆಂಬುದನ್ನು ಮರೆಯಬಾರದು. ಬೆರಕೆ ಇಲ್ಲದ ಮೂಲ ಸಂಯುಕ್ತ ಲೋಹವಾಗಬೇಕಿತ್ತು, ಆದರೆ ಎಲೆಕ್ಟ್ರಾನುಗಳ ಪರಸ್ಪರ ವಿಕರ್ಷಣೆಯಿಂದ ಅದು ವಿದ್ಯುನ್ನಿರೋಧಕವಾಗಿ ನಿಂತಿದೆ. ಅದರಲ್ಲಿ ನೆರೆಹೊರೆಯ ತಾಮ್ರದ ಸ್ಪಿನ್‌ಗಳು ಒಂದಕ್ಕೊಂದು ವಿರುದ್ಧ ದಿಕ್ಕಿಗೆ ನಿಲ್ಲುತ್ತವೆ. 1987ರಲ್ಲೇ ಆಂಡರ್ಸನ್, ಮತ್ತು ಅವರೊಡನೆ ಭಾರತದ ಜಿ. ಬಾಸ್ಕರನ್, ವಿಕರ್ಷಣೆಯಿಂದಲೇ ಜೋಡಿಗಳು ಹುಟ್ಟಬಲ್ಲ ಚಿತ್ರವೊಂದನ್ನು ಮುಂದಿಟ್ಟರು. 1994ರಲ್ಲಿ ತ್ಸುಯಿ ಮತ್ತು ಕರ್ಟ್ಲಿ ತಂಡದ ಪ್ರಯೋಗ, ಜೋಡಿಯ ತರಂಗರೂಪ ದಿಕ್ಕಿಗೆ ತಕ್ಕಂತೆ ಚಿಹ್ನೆ ಬದಲಿಸುವ ಡಿ-ತರಂಗ ಎಂಬುದನ್ನು ತೋರಿಸಿತು. ಇವೆಲ್ಲ ಇಂದಿಗೂ ಗಟ್ಟಿಯಾಗಿ ನಿಂತಿರುವ ಸಾಕ್ಷ್ಯಗಳು. ಈ ಲೇಖನದ ಆಕ್ಷೇಪ ಇವುಗಳ ಮೇಲಲ್ಲ, ಸಮಸ್ಥಾನಿ ಪರೀಕ್ಷೆಯಿಂದ ಎಳೆದ ತರ್ಕದ ಮೇಲೆ.

ತರ್ಕದ ಕೊರತೆ

ತಕ್ಕಡಿಯ ಮುಳ್ಳು ಮಧ್ಯದಲ್ಲಿ ನಿಂತಿದ್ದರೆ ಎರಡೂ ತಟ್ಟೆಗಳು ಖಾಲಿ ಎಂದು ಹೇಳಲಾಗದು. ಸಮತೂಕದ ವಸ್ತುಗಳು ಎರಡರಲ್ಲೂ ಇರಬಹುದು. ಸಮಸ್ಥಾನಿ ಘಾತಾಂಕವೂ ಇಂಥದೇ ಮುಳ್ಳು. ಅದು ತೋರಿಸುವುದು ಹಲವು ಪರಿಣಾಮಗಳ ಒಟ್ಟು ಮೊತ್ತವನ್ನು ಮಾತ್ರ.

ಇದು ಊಹೆಯ ಮಾತಲ್ಲ. ರುಥೇನಿಯಮ್ ಲೋಹದಲ್ಲಿ ಸಮಸ್ಥಾನಿ ಪರಿಣಾಮ ಶೂನ್ಯಕ್ಕೆ ಸಮೀಪವೆಂಬುದು 1961ರಲ್ಲೇ ಗೊತ್ತಾಗಿತ್ತು. ಆದರೂ ರುಥೇನಿಯಮ್ ಫೋನಾನಿನ ಅತಿವಾಹಕವೇ. ಎಲೆಕ್ಟ್ರಾನುಗಳ ವಿಕರ್ಷಣೆಯನ್ನು ಎಷ್ಟರ ಮಟ್ಟಿಗೆ ತಪ್ಪಿಸಿಕೊಳ್ಳಬಹುದು ಎಂಬುದೂ ಫೋನಾನಿನ ಆವೃತ್ತಿಯನ್ನೇ ಅವಲಂಬಿಸಿರುವುದರಿಂದ, ಎರಡು ಪರಿಣಾಮಗಳು ಎದುರುಬದುರಾಗಿ ನಿಂತು ಮುಳ್ಳನ್ನು ಮಧ್ಯಕ್ಕೆ ತರುತ್ತವೆ. ಪಲ್ಲೇಡಿಯಮ್ ಹೈಡ್ರೈಡಿನದು ಇನ್ನೂ ವಿಚಿತ್ರ. ಅದರಲ್ಲಿ ಜಲಜನಕದ ಬದಲು ಭಾರವಾದ ಡ್ಯುಟೀರಿಯಮ್ ಇಟ್ಟರೆ ಸಂಕ್ರಮಣ ತಾಪ ಇಳಿಯುವ ಬದಲು ಸುಮಾರು 9 ಕೆಲ್ವಿನ್‌ನಿಂದ ಸುಮಾರು 11 ಕೆಲ್ವಿನ್‌ಗೆ ಏರುತ್ತದೆ. ಹಗುರವಾದ ಜಲಜನಕದ ಅಂದೋಲನ ಅಷ್ಟು ವಿಸ್ತಾರವಾಗಿದ್ದು, ಸರಳ ಸ್ಪ್ರಿಂಗಿನ ನಿಯಮ ಅದಕ್ಕೆ ಅನ್ವಯಿಸುವುದಿಲ್ಲ. ಈ ಎರಡು ಉದಾಹರಣೆಗಳೂ 1987ಕ್ಕೆ ಮೊದಲೇ ಪ್ರಕಟವಾಗಿದ್ದವು. ಘಾತಾಂಕ ಸೊನ್ನೆಯಾದರೆ ಫೋನಾನಿಲ್ಲ ಎಂಬ ಸೂತ್ರವನ್ನು ಆಗಲೇ ಕೈಬಿಡಬೇಕಿತ್ತು.

ತಾಮ್ರದ ಆಕ್ಸೈಡುಗಳಲ್ಲಿ ತೊಡಕು ಇನ್ನೂ ಹೆಚ್ಚು. ಅಲ್ಲಿ ಆಮ್ಲಜನಕದ ಕಂಪನ ಒಂದೇ ಬಗೆಯದಲ್ಲ. ತಾಮ್ರದ ಪದರದಲ್ಲಿ ಆಮ್ಲಜನಕ ಮೇಲೆ-ಕೆಳಗೆ ಬಾಗುವ ಒಂದು ವಿಧಾನವಿದೆ. ಅದರ ಶಕ್ತಿ ಸುಮಾರು 35 ಮಿಲಿ ಎಲೆಕ್ಟ್ರಾನ್ ವೋಲ್ಟ್. ತಾಮ್ರ-ಆಮ್ಲಜನಕದ ಬಂಧ ಹಿಗ್ಗಿ ಕುಗ್ಗುವ ಇನ್ನೊಂದು ವಿಧಾನವಿದೆ. ಅದರ ಶಕ್ತಿ ಸುಮಾರು 70 ಮಿಲಿ ಎಲೆಕ್ಟ್ರಾನ್ ವೋಲ್ಟ್. ಸಿದ್ಧಾಂತದ ಲೆಕ್ಕಗಳ ಪ್ರಕಾರ ಮೊದಲನೆಯದು ಡಿ-ತರಂಗದ ಜೋಡಿಗೆ ಸಹಾಯಕ, ಎರಡನೆಯದು ಅದಕ್ಕೆ ಪ್ರತಿಕೂಲ. ಆಮ್ಲಜನಕವನ್ನೆಲ್ಲ ಒಟ್ಟಿಗೆ ಬದಲಿಸಿದಾಗ ಎರಡೂ ಒಟ್ಟಿಗೆ ಬದಲಾಗುತ್ತವೆ. ದೊರೆಯುವುದು ಕೂಡುವ-ಕಳೆಯುವ ಲೆಕ್ಕದ ಶೇಷ ಮಾತ್ರ. ಇದನ್ನು ಬಿಡಿಸಿ ನೋಡುವ ಪ್ರಯತ್ನವೂ ನಡೆಯಿತು. 1994ರಲ್ಲಿ ಸ್ವಿಟ್ಜರ್ಲೆಂಡಿನ ತಂಡವೊಂದು ಯಿಟ್ರಿಯಮ್ ಸಂಯುಕ್ತದಲ್ಲಿ ಪದರದ ಆಮ್ಲಜನಕವನ್ನು ಬೇರೆಯಾಗಿ, ಉಳಿದ ಸ್ಥಾನಗಳದ್ದನ್ನು ಬೇರೆಯಾಗಿ ಬದಲಿಸಿ ಅಳೆಯಿತು. ದೊರೆತ ಅಲ್ಪ ಪರಿಣಾಮದ ಬಹುಪಾಲು ಪದರದ ಆಮ್ಲಜನಕದಿಂದಲೇ ಬರುತ್ತಿತ್ತು.

ಅಂಕಿಗಳು ಹೇಳುವುದೇನು?

ಇನ್ನೂ ದೊಡ್ಡ ಲೋಪವೆಂದರೆ ಒಂದು ಬಿಂದುವನ್ನು ನೋಡಿ ಇಡೀ ರೇಖೆಯ ಬಗ್ಗೆ ಮಾತಾಡಿದ್ದು. ಘಾತಾಂಕ ಅತಿ ಕಡಿಮೆ ಇರುವುದು ಸಂಕ್ರಮಣ ತಾಪ ಗರಿಷ್ಠವಾಗಿರುವ ಬೆರಕೆಯಲ್ಲಿ. ಆ ಬಿಂದುವಿನಿಂದ ಸರಿದರೆ ಚಿತ್ರ ಬದಲಾಗುತ್ತದೆ. ಯಿಟ್ರಿಯಮ್ ಸ್ಥಾನದಲ್ಲಿ ಪ್ರಾಸಿಯೋಡೈಮಿಯಮ್ ತುಂಬುತ್ತ ಹೋದರೆ ಸಂಕ್ರಮಣ ತಾಪ ಇಳಿಯುತ್ತದೆ, ಘಾತಾಂಕ ಏರುತ್ತದೆ. ಲ್ಯಾಂಥನಮ್-ಸ್ಟ್ರಾನ್ಷಿಯಮ್ ಸಂಯುಕ್ತದಲ್ಲಿ 1990ರಲ್ಲಿ ಕ್ರಾಫರ್ಡ್ ತಂಡ ಅಳೆದಾಗ, ತಾಮ್ರದ ಪರಮಾಣುವೊಂದಕ್ಕೆ 0.12 ರಂಧ್ರಗಳಿರುವ ಬೆರಕೆಯ ಬಳಿ ಘಾತಾಂಕ 0.5ನ್ನೂ ಮೀರಿತು. ಫೋನಾನಿನ ಸಿದ್ಧಾಂತದ ಸರಳ ರೂಪ ಕೊಡುವುದಕ್ಕಿಂತಲೂ ಇದು ಹೆಚ್ಚು.

1997ರ ಇನ್ನೊಂದು ಅಳತೆಯೂ ಗಮನಾರ್ಹ. ಕಾಂತಕ್ಷೇತ್ರ ಅತಿವಾಹಕದ ಒಳಕ್ಕೆ ಎಷ್ಟು ಆಳ ನುಗ್ಗುತ್ತದೆ ಎಂಬುದು ವಾಹಕಗಳ ಸಾಂದ್ರತೆ ಮತ್ತು ಅವುಗಳ ಪರಿಣಾಮಿ ರಾಶಿಯನ್ನು ಅವಲಂಬಿಸಿದೆ. ಸಾಂಪ್ರದಾಯಿಕ ಲೋಹದಲ್ಲಿ ಈ ಆಳ ಬೀಜಕಣದ ತೂಕಕ್ಕೆ ಸ್ಪಂದಿಸಬಾರದು. ಲ್ಯಾಂಥನಮ್-ಸ್ಟ್ರಾನ್ಷಿಯಮ್ ಸಂಯುಕ್ತದಲ್ಲಿ ಝಾವೊ, ಕೆಲ್ಲರ್, ಮ್ಯೂಲರ್ ಮೊದಲಾದವರು ಅದು ಸ್ಪಂದಿಸುತ್ತದೆ ಎಂದು ವರದಿಮಾಡಿದರು. ವಾಹಕಗಳು ಜಾಲಕದ ವಿರೂಪವನ್ನು ಜೊತೆಗೇ ಹೊತ್ತು ಸಾಗುತ್ತಿರಬಹುದು ಎಂಬುದು ಅವರ ವಿವರಣೆ.

ಎಂಟರಲ್ಲಿ ಒಂದು ಭಾಗದ ಕಥೆ

0.12 ಎಂಬ ಸಂಖ್ಯೆ ಆಕಸ್ಮಿಕವಲ್ಲ. ಅದು ಎಂಟರಲ್ಲಿ ಒಂದಕ್ಕೆ, ಅಂದರೆ 0.125ಕ್ಕೆ ಸಮೀಪ. ಬೆಡ್ನೋರ್ಜ್-ಮ್ಯೂಲರ್ ಕಂಡ ಬೇರಿಯಮ್ ಸಂಯುಕ್ತದಲ್ಲಿ ಬೆರಕೆ ಈ ಮೌಲ್ಯಕ್ಕೆ ಬಂದಾಗ ಸಂಕ್ರಮಣ ತಾಪ ಹೊಂಡಕ್ಕೆ ಬಿದ್ದಂತೆ ಕುಸಿಯುತ್ತದೆಂದು 1988ರಲ್ಲಿ ಮೂಡೆನ್‌ಬಾ ತಂಡ ತೋರಿಸಿತು. ಈ ಬೆರಕೆಯ ಎರಡೂ ಬದಿಗಳಲ್ಲಿ 30 ಕೆಲ್ವಿನ್ ಆಸುಪಾಸಿನಲ್ಲಿರುವ ತಾಪ, ಸರಿಯಾಗಿ ಎಂಟರಲ್ಲಿ ಒಂದರಲ್ಲಿ ಕೆಲವೇ ಕೆಲ್ವಿನ್‌ಗೆ ಇಳಿಯುತ್ತದೆ. ಮರುವರ್ಷ ಆಕ್ಸ್ ಮತ್ತು ಸಹಚರರು ಅದೇ ಬೆರಕೆಯಲ್ಲಿ ಜಾಲಕದ ರಚನೆ ಬದಲಾಗುವುದನ್ನು ಗುರುತಿಸಿದರು. ತಾಮ್ರವನ್ನು ಸುತ್ತುವರಿದ ಆರು ಆಮ್ಲಜನಕಗಳ ಅಷ್ಟಮುಖಿ ಒಂದಿಷ್ಟು ವಾಲಿಕೊಂಡಿರುತ್ತದೆ. 60 ಕೆಲ್ವಿನ್‌ಗಿಂತ ಕೆಳಗೆ ಆ ವಾಲಿಕೆಯ ದಿಕ್ಕು ತಾಮ್ರ-ಆಮ್ಲಜನಕ ಬಂಧದ ಗುಂಟ ತಿರುಗುತ್ತದೆ. ಒಂದು ಪದರದಲ್ಲಿ ಅದು ಒಂದು ದಿಕ್ಕಿಗಿದ್ದರೆ, ಮುಂದಿನ ಪದರದಲ್ಲಿ ಅದಕ್ಕೆ ಲಂಬವಾಗಿರುತ್ತದೆ.

1995ರಲ್ಲಿ ಬ್ರೂಕ್‌ಹೇವನ್ ಪ್ರಯೋಗಾಲಯದ ಟ್ರಾನ್‌ಕ್ವಾಡ ಮತ್ತು ಸಹಚರರು ನ್ಯೂಟ್ರಾನ್ ಚದರಿಕೆಯಿಂದ ಈ ಹೊಂಡದ ತಳದಲ್ಲಿ ಏನಿದೆ ಎಂಬುದನ್ನು ಬಯಲಿಗೆಳೆದರು. ಅವರು ಆರಿಸಿಕೊಂಡದ್ದು ಸ್ಟ್ರಾನ್ಷಿಯಮ್ ಸಂಯುಕ್ತಕ್ಕೆ ನಿಯೋಡೈಮಿಯಮ್ ಸೇರಿಸಿದ ಸ್ಫಟಿಕ. ಅದರಲ್ಲಿ ರಂಧ್ರಗಳು ಎಲ್ಲೆಡೆ ಸಮವಾಗಿ ಹರಡದೆ ಪಟ್ಟೆಗಳಾಗಿ ನಿಂತಿದ್ದವು. ನಾಲ್ಕು ತಾಮ್ರಗಳ ಅಂತರಕ್ಕೆ ಒಂದು ಆವೇಶದ ಪಟ್ಟೆ, ನಡುವೆ ಕಾಂತೀಯ ವ್ಯವಸ್ಥೆ. ಈ ಆಯ್ಕೆಯಲ್ಲೇ ನಮ್ಮ ವಾದಕ್ಕೆ ಬೇಕಾದ ಮುಖ್ಯ ಅಂಶವಿದೆ. ಲ್ಯಾಂಥನಮ್ ಮತ್ತು ನಿಯೋಡೈಮಿಯಮ್ ಎರಡೂ ಮೂರು ಧನಾವೇಶದ ಅಯಾನುಗಳು. ಒಂದರ ಬದಲು ಇನ್ನೊಂದನ್ನು ಇಟ್ಟರೆ ರಂಧ್ರಗಳ ಸಂಖ್ಯೆ ಬದಲಾಗುವುದಿಲ್ಲ. ನಿಯೋಡೈಮಿಯಮ್ ಗಾತ್ರದಲ್ಲಿ ಚಿಕ್ಕದಾದ್ದರಿಂದ ಅಷ್ಟಮುಖಿಯ ವಾಲಿಕೆ ಬದಲಾಗುತ್ತದೆ, ಅಷ್ಟೆ. ಅದಿಲ್ಲದೆ 30 ಕೆಲ್ವಿನ್ ಸಮೀಪ ಅತಿವಾಹಕವಾಗುವ ವಸ್ತು, ಅದು ಸೇರಿದ ಮೇಲೆ ಕೆಲವೇ ಕೆಲ್ವಿನ್‌ಗೆ ಇಳಿಯಿತು. ಎಲೆಕ್ಟ್ರಾನುಗಳ ಲೆಕ್ಕ ಒಂದೇ ಇರುವಾಗ ಜಾಲಕದ ಭಂಗಿಯೊಂದೇ ಸಂಕ್ರಮಣ ತಾಪವನ್ನು ಇಷ್ಟು ಇಳಿಸಬಲ್ಲದಾದರೆ, ಅದನ್ನು ಅಪ್ರಸ್ತುತ ಎನ್ನುವುದು ಹೇಗೆ?

2014ರಲ್ಲಿ ಗುಗುಚಿಯಾ ಮತ್ತು ಸಹಚರರು ಮಾಡಿದ ಅಳತೆ ಇದೇ ಪ್ರಶ್ನೆಯನ್ನು ಸಮಸ್ಥಾನಿಗಳ ಮೂಲಕ ಕೇಳಿತು. ನನ್ನ ದೃಷ್ಟಿಯಲ್ಲಿ ಈ ವಿಷಯದ ಪ್ರಯೋಗಗಳಲ್ಲಿ ಇದಕ್ಕೆ ವಿಶೇಷ ಸ್ಥಾನವಿದೆ. ಬೇರಿಯಮ್ ಸಂಯುಕ್ತದ ಎಂಟರಲ್ಲಿ ಒಂದು ಬೆರಕೆಯಲ್ಲಿ ಅವರು ಆಮ್ಲಜನಕ-16ರ ಬದಲು ಆಮ್ಲಜನಕ-18 ಇಟ್ಟು, ಮ್ಯೂಆನ್ ಕಣಗಳ ಸಹಾಯದಿಂದ ಎರಡು ಸಂಗತಿಗಳನ್ನು ಒಟ್ಟಿಗೆ ಗಮನಿಸಿದರು. ಭಾರದ ಆಮ್ಲಜನಕದಿಂದ ಅತಿವಾಹಕತೆಯ ತಾಪ ಇಳಿಯಿತು, ಘಾತಾಂಕ 0.46. ಆದರೆ ಸ್ಪಿನ್ ಪಟ್ಟೆಗಳು ಸ್ಥಿರವಾಗುವ ತಾಪ ಏರಿತು. ಅದರ ಘಾತಾಂಕ ಋಣಾತ್ಮಕ, -0.57. ಕಾಂತೀಯ ವ್ಯವಸ್ಥೆ ಆವರಿಸಿದ ಗಾತ್ರವೂ ಹೆಚ್ಚಿತು. ಒಂದೇ ತೂಕ ಒಂದು ತಟ್ಟೆಯನ್ನು ಎತ್ತಿ ಇನ್ನೊಂದನ್ನು ಇಳಿಸಿತು.

ಇದರ ಅರ್ಥವನ್ನು ಬಿಡಿಸಿ ಹೇಳಬೇಕು. ಇಲ್ಲಿ ಘಾತಾಂಕ 0.46 ಎಂದಾಕ್ಷಣ, ಇದು ಪಾದರಸದಂತೆ ಫೋನಾನಿನ ಅಂಟಿನಿಂದಾದ ಅತಿವಾಹಕತೆ ಎಂದು ಹೇಳಿದರೆ ಹಿಂದಿನ ತಪ್ಪನ್ನೇ ತಿರುಗುಮುರುಗಾಗಿ ಮಾಡಿದಂತೆ. ಭಾರದ ಆಮ್ಲಜನಕ ಪ್ರತಿಸ್ಪರ್ಧಿಯಾದ ಪಟ್ಟೆಗೆ ಬಲ ಕೊಟ್ಟಿದೆ, ಅದರ ಫಲವಾಗಿಯೇ ಅತಿವಾಹಕತೆ ಕುಗ್ಗಿರಬಹುದು. ಹಾಗಾದರೆ ಸಂಕ್ರಮಣ ತಾಪದ ಸಮಸ್ಥಾನಿ ಘಾತಾಂಕ ಅಳೆಯುತ್ತಿರುವುದು ಜೋಡಿಯ ಬಂಧವನ್ನಲ್ಲ, ಎರಡು ವ್ಯವಸ್ಥೆಗಳ ನಡುವಿನ ಪೈಪೋಟಿಯನ್ನು.

2007ರಲ್ಲಿ ಇದೇ ಬೆರಕೆಯ ಸ್ಫಟಿಕದಲ್ಲಿ ದೊರೆತ ಫಲಿತಾಂಶ ಈ ಓದಿಗೆ ಪುಷ್ಟಿ ಕೊಡುತ್ತದೆ. ಪದರದ ಒಳಗೆ ಅತಿವಾಹಕತೆಯ ಲಕ್ಷಣಗಳು ಸುಮಾರು 40 ಕೆಲ್ವಿನ್‌ನಲ್ಲೇ ಮೊದಲಾಗುತ್ತವೆ, ಪದರದಿಂದ ಪದರಕ್ಕೆ ಅದು ದಾಟುವುದಿಲ್ಲ. ಇಡೀ ಸ್ಫಟಿಕ ಅತಿವಾಹಕವಾಗಲು ಸುಮಾರು 4 ಕೆಲ್ವಿನ್ ತನಕ ಕಾಯಬೇಕು. ಅಷ್ಟಮುಖಿಯ ವಾಲಿಕೆ ಪದರದಿಂದ ಪದರಕ್ಕೆ 90 ಡಿಗ್ರಿ ತಿರುಗುವುದರಿಂದ ಪಟ್ಟೆಗಳೂ ಹಾಗೆಯೇ ತಿರುಗುತ್ತವೆ. ಪಟ್ಟೆಯಿಂದ ಪಟ್ಟೆಗೆ ಅತಿವಾಹಕತೆಯ ಚಿಹ್ನೆಯೂ ಬದಲಾಗುವುದಾದರೆ ನೆರೆ ಪದರಗಳ ನಡುವಣ ಸಂಪರ್ಕ ರದ್ದಾಗಬೇಕೆಂಬ ವಿವರಣೆಯನ್ನು ಸಿದ್ಧಾಂತಿಗಳು ಮುಂದಿಟ್ಟಿದ್ದಾರೆ. ಈ ವಿವರಣೆ ಸರಿಯಾದರೆ, ಎಂಟರಲ್ಲಿ ಒಂದರ ಹೊಂಡದಲ್ಲಿ ಜೋಡಿಗಳು ಸತ್ತಿಲ್ಲ. ಅವು ಪದರಗಳ ಒಳಗೆ ಬಂದಿಯಾಗಿವೆ, ಬಾಗಿಲು ಹಾಕಿದ್ದು ಜಾಲಕ.

ಇನ್ನೊಂದು ಪಕ್ಷದ ಅತಿರೇಕ

ಹಾಗೆಂದು ಪಟ್ಟೆಯನ್ನು ಸೃಷ್ಟಿಸುವುದೂ ಜಾಲಕವೇ ಎನ್ನಬಹುದೆ? ಸಾಕ್ಷ್ಯ ಹಾಗೆ ಹೇಳುವುದಿಲ್ಲ. 2010ರಲ್ಲಿ ಹ್ಯೂಕರ್ ಮತ್ತು ಸಹಚರರು ಬೇರಿಯಮ್ ಸಂಯುಕ್ತವನ್ನು ಅಧಿಕ ಒತ್ತಡಕ್ಕೆ ಗುರಿಪಡಿಸಿ, ಮೇಲೆ ಹೇಳಿದ ವಾಲಿಕೆಯ ರಚನೆ ಮಾಯವಾಗುವಂತೆ ಮಾಡಿದರು. ಆವೇಶದ ಪಟ್ಟೆಗಳು ಆಗಲೂ ಉಳಿದವು. 2012ರಲ್ಲಿ ಯಿಟ್ರಿಯಮ್ ಸಂಯುಕ್ತದಲ್ಲೂ ಆವೇಶದ ಅಲೆ ಎಕ್ಸ್-ಕಿರಣಗಳಿಗೆ ಕಂಡಿತು, ಅಲ್ಲಿ ಅಂಥ ವಾಲಿಕೆಯೇ ಇಲ್ಲ. 2017ರಲ್ಲಿ ಹಲವು ತಂಡಗಳು ಬೇರೆ ಬೇರೆ ಗಣನ ವಿಧಾನಗಳಿಂದ ಹಬ್ಬರ್ಡ್ ಮಾದರಿಯನ್ನು ಎಂಟರಲ್ಲಿ ಒಂದು ಬೆರಕೆಗೆ ಬಿಡಿಸಿ ಒಂದೇ ಉತ್ತರಕ್ಕೆ ಬಂದವು. ಆ ಮಾದರಿಯಲ್ಲಿ ಇರುವುದು ಎಲೆಕ್ಟ್ರಾನಿನ ನೆಗೆತ ಮತ್ತು ವಿಕರ್ಷಣೆ ಎರಡೇ, ಫೋನಾನಿಗೆ ಜಾಗವಿಲ್ಲ. ಆದರೂ ಪಟ್ಟೆಗಳು ಮೂಡಿದವು. ಆದರೆ ಮಾದರಿಯ ಸರಳ ರೂಪದಲ್ಲಿ ಪಟ್ಟೆಗಳ ಅಂತರ ಎಂಟು ತಾಮ್ರಗಳಷ್ಟಿರುವುದಕ್ಕೆ ಒಲವು ಕಂಡಿತು. ಸ್ಫಟಿಕದಲ್ಲಿ ನ್ಯೂಟ್ರಾನುಗಳು ಕಂಡದ್ದು ನಾಲ್ಕು. ಬೇರೆ ಬೇರೆ ಅಂತರಗಳ ನಡುವಿನ ಶಕ್ತಿಯ ವ್ಯತ್ಯಾಸ ಬಹಳ ಸಣ್ಣದಾಗಿತ್ತು ಎಂಬುದನ್ನೂ ಆ ಲೆಕ್ಕ ತೋರಿಸಿತು. ಇಷ್ಟು ಸಣ್ಣ ವ್ಯತ್ಯಾಸಗಳಿರುವಲ್ಲಿ ಲೆಕ್ಕದಿಂದ ಹೊರಗಿಟ್ಟ ದುರ್ಬಲ ಬಲವೂ ಫಲಿತಾಂಶವನ್ನು ಬದಲಿಸಬಲ್ಲದು.

ಫೋನಾನಿನ ಪಕ್ಷದವರು ಹೆಚ್ಚಾಗಿ ನೆಚ್ಚಿಕೊಂಡದ್ದು ದ್ಯುತಿ ಎಲೆಕ್ಟ್ರಾನ್ ರೋಹಿತದಲ್ಲಿ ಕಾಣುವ ಒಂದು ತಿರುವನ್ನು. ಎಲೆಕ್ಟ್ರಾನಿನ ಶಕ್ತಿ ಮತ್ತು ಸಂವೇಗಗಳ ಸಂಬಂಧವನ್ನು ರೇಖೆಯಾಗಿ ಎಳೆದರೆ 50ರಿಂದ 80 ಮಿಲಿ ಎಲೆಕ್ಟ್ರಾನ್ ವೋಲ್ಟ್ ನಡುವೆ ಅದು ಮುರಿದಂತೆ ಬಾಗುತ್ತದೆ. ಹಲವು ತಾಮ್ರದ ಆಕ್ಸೈಡುಗಳಲ್ಲಿ ಇದು ಸಮಾನವಾಗಿ ಕಾಣುವುದನ್ನು 2001ರಲ್ಲಿ ಲಾಂಜಾರಾ ಮತ್ತು ಸಹಚರರು ತೋರಿಸಿ, ಇದು ಪ್ರಬಲ ಫೋನಾನ್ ನಂಟಿನ ಗುರುತು ಎಂದರು. 2004ರಲ್ಲಿ ಆಮ್ಲಜನಕದ ಸಮಸ್ಥಾನಿ ಬದಲಿಸಿದಾಗ ರೋಹಿತದಲ್ಲಿ ದೊಡ್ಡ ಬದಲಾವಣೆಗಳು ಕಂಡವೆಂಬ ವರದಿ ಬಂತು. 2007ರಲ್ಲಿ ಇನ್ನೊಂದು ತಂಡ ಅಂಥ ಬದಲಾವಣೆ ತನಗೆ ಕಾಣಲಿಲ್ಲವೆಂದು ಪ್ರಕಟಿಸಿತು. 2008ರಲ್ಲಿ ಇವಾಸಾವ ತಂಡ ಹೆಚ್ಚಿನ ನಿಖರತೆಯಿಂದ ಅಳೆದು, ತಿರುವು ಕೆಲವೇ ಮಿಲಿ ಎಲೆಕ್ಟ್ರಾನ್ ವೋಲ್ಟ್ ಸರಿಯುತ್ತದೆಂದು ತೋರಿಸಿತು. ಫೋನಾನು ಆ ತಿರುವಿನಲ್ಲಿ ಪಾಲುಗೊಂಡಿದೆ ಎನ್ನಲು ಇದು ಸಾಕು. ಆದರೆ ತಿರುವಿನಲ್ಲಿ ಫೋನಾನಿದೆ ಎಂದ ಮಾತ್ರಕ್ಕೆ ಜೋಡಿಯನ್ನು ಬೆಸೆಯುವುದು ಅದೇ ಎಂದಾಗುವುದಿಲ್ಲ. ಎಲೆಕ್ಟ್ರಾನನ್ನು ಚದರಿಸುವುದು ಬೇರೆ, ಡಿ-ತರಂಗದ ಜೋಡಿ ಕಟ್ಟುವುದು ಬೇರೆ.

ಇದೇ ತಿರುವಿನ ಬಗ್ಗೆ ಲೆಕ್ಕ ಹಾಕಿದವರ ಕಥೆಯಲ್ಲೂ ಪಾಠವಿದೆ. 2008ರಲ್ಲಿ ಗಿಯುಸ್ಟಿನೊ, ಕೋಹೆನ್ ಮತ್ತು ಲೂಯಿ ಆಗಿನ ಪ್ರಚಲಿತ ಗಣನ ವಿಧಾನದಿಂದ ಲೆಕ್ಕಹಾಕಿ, ತಿರುವಿಗೆ ಫೋನಾನಿನ ಕೊಡುಗೆ ಅಲ್ಪ ಎಂದರು. ಆ ವಿಧಾನ ಎಲೆಕ್ಟ್ರಾನುಗಳ ಪರಸ್ಪರ ಪ್ರಭಾವವನ್ನು ಸರಾಸರಿಯಾಗಿ ಮಾತ್ರ ಪರಿಗಣಿಸುತ್ತದೆ ಎಂದೂ, ನ್ಯೂಟ್ರಾನುಗಳು ಅಳೆದ ಫೋನಾನಿನ ಅಗಲ ಆ ಲೆಕ್ಕಕ್ಕಿಂತ ಬಹಳ ಹೆಚ್ಚೆಂದೂ ಬೇರೆಯವರು ಅದೇ ವರ್ಷ ಆಕ್ಷೇಪಿಸಿದರು. 2021ರಲ್ಲಿ ಲೂಯಿಯವರ ಗುಂಪೇ, ಪರಸ್ಪರ ಪ್ರಭಾವವನ್ನು ಇನ್ನೂ ಚೆನ್ನಾಗಿ ಒಳಗೊಂಡ ವಿಧಾನದಿಂದ ಮತ್ತೆ ಲೆಕ್ಕಹಾಕಿ, ಫೋನಾನಿನ ನಂಟು ಗಣನೀಯವಾಗಿ ಬಲಗೊಳ್ಳುತ್ತದೆ ಎಂದು ಕಂಡುಕೊಂಡಿತು. ಎಲೆಕ್ಟ್ರಾನುಗಳ ವಿಕರ್ಷಣೆ ಫೋನಾನನ್ನು ಹೊರಗೆ ತಳ್ಳುವ ಬದಲು ಅದರ ಕೈ ಬಲಪಡಿಸಬಲ್ಲದು. ವಿಕರ್ಷಣೆಯೋ ಫೋನಾನೋ ಎಂಬ ಪ್ರಶ್ನೆಯೇ ತಪ್ಪಾಗಿ ಕೇಳಿದ ಪ್ರಶ್ನೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ಬೇಕಿಲ್ಲ.

ಅದೇ 2021ರಲ್ಲಿ ತಾಮ್ರ-ಆಮ್ಲಜನಕದ ಒಂದೇ ಎಳೆಯಿರುವ ಬೇರಿಯಮ್ ಸಂಯುಕ್ತವೊಂದರ ರೋಹಿತ ಪ್ರಕಟವಾಯಿತು. ಒಂದು ಎಳೆಯ ಲೆಕ್ಕವನ್ನು ಹೆಚ್ಚುಕಡಿಮೆ ನಿಖರವಾಗಿ ಮಾಡಬಹುದು ಎಂಬುದು ಅದರ ಅನುಕೂಲ. ವಿಕರ್ಷಣೆಯೊಂದೇ ಇರುವ ಮಾದರಿಗೆ ಆ ರೋಹಿತ ಹೊಂದಲಿಲ್ಲ. ನೆರೆಯ ತಾಮ್ರಗಳ ಮೇಲಿನ ಎಲೆಕ್ಟ್ರಾನುಗಳ ನಡುವೆ ಪ್ರಬಲವಾದ ಆಕರ್ಷಣೆಯೊಂದನ್ನು ಸೇರಿಸಿದ ಮೇಲೆ ಹೊಂದಿತು. ಆ ಆಕರ್ಷಣೆಯ ಸಂಭಾವ್ಯ ಮೂಲವಾಗಿ ಸೂಚಿತವಾದದ್ದು ಜಾಲಕದ ಕಂಪನ.

ಬೆಳಕಿನಿಂದ ಜಾಲಕವನ್ನು ತಟ್ಟಿದರೆ

ತೂಕ ಬದಲಿಸಿ ನೋಡುವುದು ಪರೋಕ್ಷ ವಿಧಾನ. ಕಂಪನವನ್ನೇ ನೇರವಾಗಿ ಎಬ್ಬಿಸಿ ನೋಡಿದರೆ? 2011ರಲ್ಲಿ ಫೌಸ್ತಿ, ಕವಲೇರಿ ಮತ್ತು ಸಹಚರರು ಯೂರೋಪಿಯಮ್ ಸೇರಿಸಿದ ಎಂಟರಲ್ಲಿ ಒಂದು ಬೆರಕೆಯ ಸ್ಫಟಿಕವನ್ನು 10 ಕೆಲ್ವಿನ್‌ನಲ್ಲಿಟ್ಟರು. ಪಟ್ಟೆಗಳಿಂದಾಗಿ ಆ ತಾಪದಲ್ಲಿ ಅದು ಅತಿವಾಹಕವಲ್ಲ. ತಾಮ್ರ-ಆಮ್ಲಜನಕ ಬಂಧದ ಕಂಪನಕ್ಕೆ ಹೊಂದುವ ಅವಕೆಂಪು ಮಿಡಿತವನ್ನು ಹಾಯಿಸಿದಾಗ, ಒಂದೆರಡು ಪಿಕೋಸೆಕೆಂಡುಗಳ ಒಳಗೆ ಪದರಗಳ ನಡುವೆ ಅತಿವಾಹಕ ಸಂಪರ್ಕ ಏರ್ಪಟ್ಟಂಥ ಗುರುತು ಪ್ರತಿಫಲಿತ ಬೆಳಕಿನಲ್ಲಿ ಕಂಡಿತು. ಮೇಲಿನ ಚಿತ್ರಕ್ಕೆ ಇದು ಚೆನ್ನಾಗಿ ಒಪ್ಪುತ್ತದೆ. ಪಟ್ಟೆಯ ಹಿಡಿತ ಸಡಿಲವಾಯಿತು, ಬಾಗಿಲು ತೆರೆಯಿತು.

ಒಪ್ಪುತ್ತದೆ ಎಂಬ ಕಾರಣಕ್ಕೇ ಎಚ್ಚರ ಬೇಕು. ಇಲ್ಲಿ ಅಳೆದದ್ದು ಕ್ಷಣಿಕ ಪ್ರತಿಫಲನವನ್ನು, ರೋಧ ಸೊನ್ನೆಯಾಗುವುದನ್ನಲ್ಲ. ಬೆಳಕು ಹೊಕ್ಕ ತೆಳು ಪದರದ ಗುಣವನ್ನು ಲೆಕ್ಕದಿಂದ ಬೇರ್ಪಡಿಸಬೇಕಾಗುತ್ತದೆ ಮತ್ತು ಆ ಲೆಕ್ಕದ ಪೂರ್ವಗ್ರಹಿಕೆಗಳು ಫಲಿತಾಂಶದೊಳಗೆ ಸೇರಿಕೊಳ್ಳುತ್ತವೆ. ಇದೇ ಬಗೆಯ ಇತರ ಪ್ರಯೋಗಗಳ ವಿಶ್ಲೇಷಣೆಯ ಬಗ್ಗೆ ಪ್ರಕಟಿತ ಆಕ್ಷೇಪಗಳಿವೆ. 2024ರಲ್ಲಿ ಬೆಳಕಿನಿಂದ ಪ್ರಚೋದಿತವಾದ ಯಿಟ್ರಿಯಮ್ ಸಂಯುಕ್ತದಿಂದ ಕಾಂತಕ್ಷೇತ್ರ ಹೊರದೂಡಲ್ಪಡುವುದನ್ನು ಕಂಡ ವರದಿ ಸರಿಯಾದ ದಿಕ್ಕಿನ ಹೆಜ್ಜೆ, ಏಕೆಂದರೆ ಕಾಂತಕ್ಷೇತ್ರವನ್ನು ಹೊರದೂಡುವುದು ಅತಿವಾಹಕದ ಮೂಲ ಲಕ್ಷಣಗಳಲ್ಲಿ ಒಂದು. ಒಂದು ಅವಸರದ ತೀರ್ಪನ್ನು ವಿಮರ್ಶಿಸುವವರು ಇನ್ನೊಂದನ್ನು ಅವಸರದಿಂದ ಅಪ್ಪಿಕೊಳ್ಳಬಾರದು.

ಹೇಗೆ ಹೇಳಬೇಕು?

ಇಷ್ಟನ್ನೂ ಒಟ್ಟಿಗಿಟ್ಟು ನೋಡಿದರೆ ಕೆಲವು ಮಾತುಗಳನ್ನು ಧೈರ್ಯವಾಗಿ ಹೇಳಬಹುದು. ತಾಮ್ರದ ಆಕ್ಸೈಡುಗಳ ಎಲೆಕ್ಟ್ರಾನ್ ವ್ಯವಸ್ಥೆಗಳ ಮೂಲ ಪ್ರೇರಣೆ ಎಲೆಕ್ಟ್ರಾನುಗಳ ವಿಕರ್ಷಣೆ ಎಂಬುದಕ್ಕೆ ಸಾಕ್ಷ್ಯ ಬಲವಾಗಿದೆ. ಆದರೆ ವಿಕರ್ಷಣೆ ಒಂದೇ ವ್ಯವಸ್ಥೆಯನ್ನು ಮುಂದಿಡುವುದಿಲ್ಲ. ಅತಿವಾಹಕತೆ, ಆವೇಶದ ಪಟ್ಟೆ, ಸ್ಪಿನ್ ವ್ಯವಸ್ಥೆ ಎಲ್ಲವನ್ನೂ ಶಕ್ತಿಯಲ್ಲಿ ಹೆಚ್ಚುಕಡಿಮೆ ಸರಿಸಮವಾಗಿ ಮುಂದಿಡುತ್ತದೆ. ಅವುಗಳಲ್ಲಿ ಯಾವುದು ಗೆಲ್ಲಬೇಕು, ಎಲ್ಲಿ ನೆಲೆಯೂರಬೇಕು, ಪದರದಿಂದ ಪದರಕ್ಕೆ ಹೇಗೆ ಸಂಪರ್ಕಿಸಬೇಕು ಎಂಬುದರಲ್ಲಿ ಜಾಲಕದ ಮಾತು ನಡೆಯುತ್ತದೆ. ಬಲದಲ್ಲಿ ಕಿರಿಯನಾದರೂ ಸಮಬಲರ ಪೈಪೋಟಿಯಲ್ಲಿ ಅದರ ಮತ ನಿರ್ಣಾಯಕ.

ಸಮಸ್ಥಾನಿ ಪರೀಕ್ಷೆಯನ್ನು ಕೈಬಿಡಬೇಕಿಲ್ಲ. ಅದನ್ನು ಬಳಸುವ ರೀತಿ ಬದಲಾಗಬೇಕು. ಒಂದು ಬೆರಕೆಯ ಒಂದು ಘಾತಾಂಕದ ಬದಲು, ಬೆರಕೆಯ ಇಡೀ ವ್ಯಾಪ್ತಿಯಲ್ಲಿ ಅತಿವಾಹಕತೆ ಮತ್ತು ಅದರ ಪ್ರತಿಸ್ಪರ್ಧಿ ವ್ಯವಸ್ಥೆ ಎರಡನ್ನೂ ಒಂದೇ ಸ್ಫಟಿಕದಲ್ಲಿ ಒಟ್ಟಿಗೆ ಅಳೆಯಬೇಕು. 2014ರ ಮ್ಯೂಆನ್ ಪ್ರಯೋಗ ಇದಕ್ಕೆ ಮಾದರಿ. ಹೊಸ ಸಂಯುಕ್ತ ತಯಾರಿಸುವ ರಸಾಯನ ವಿಜ್ಞಾನಿಗಳು ರಂಧ್ರಗಳ ಸಂಖ್ಯೆಯ ಜೊತೆಗೆ ಅಷ್ಟಮುಖಿಯ ವಾಲಿಕೆಯನ್ನೂ ದಾಖಲಿಸಬೇಕು. ಪಟ್ಟೆಗೆ ಆಸರೆ ಕೊಡದ ಜಾಲಕವನ್ನು ಹುಡುಕುವುದೂ ಸಂಕ್ರಮಣ ತಾಪ ಏರಿಸುವ ಒಂದು ದಾರಿ.

ಕೊನೆಯದಾಗಿ ಪಾಠ ಹೇಳುವವರಿಗೆ ಒಂದು ಮಾತು. ತಾಮ್ರದ ಆಕ್ಸೈಡುಗಳಲ್ಲಿ ಫೋನಾನಿಗೆ ಪಾತ್ರವಿಲ್ಲ ಎಂದು ವಿದ್ಯಾರ್ಥಿಗಳಿಗೆ ಬರೆಸುವ ಬದಲು ಹೀಗೆ ಬರೆಸಬಹುದು: ಗರಿಷ್ಠ ಸಂಕ್ರಮಣ ತಾಪದ ಬೆರಕೆಯಲ್ಲಿ ಸಮಸ್ಥಾನಿ ಪರಿಣಾಮ ಅಲ್ಪ, ಎಂಟರಲ್ಲಿ ಒಂದರ ಬಳಿ ಅದು ದೊಡ್ಡದು. ಅಲ್ಲಿ ಭಾರದ ಆಮ್ಲಜನಕ ಅತಿವಾಹಕತೆಯನ್ನು ಕುಗ್ಗಿಸಿ ಪಟ್ಟೆಯನ್ನು ಬಲಪಡಿಸುತ್ತದೆ. ವಾಕ್ಯ ಸ್ವಲ್ಪ ಉದ್ದವಾಯಿತು, ನಿಜ. ಆದರೆ ಅಳೆದದ್ದನ್ನು ಮಾತ್ರ ಅದು ಹೇಳುತ್ತದೆ. ಮ್ಯೂಲರ್ ಆಕ್ಸೈಡುಗಳ ಕಡೆಗೆ ಹೊರಳಿದ್ದಕ್ಕೆ ಕಾರಣ, ಜಾಲಕದ ವಿರೂಪ ಎಲೆಕ್ಟ್ರಾನುಗಳನ್ನು ಬಲವಾಗಿ ಬಂಧಿಸುವ ವಸ್ತುಗಳಲ್ಲಿ ಅತಿವಾಹಕತೆ ಹುಡುಕಬೇಕೆಂಬ ವಿಚಾರ. ಆ ವಿಚಾರ ಪೂರ್ತಿ ಸರಿಯಿರಲಿಲ್ಲ ಎನ್ನುವವರೂ, ಅದು ಅವರನ್ನು ಸರಿಯಾದ ಮನೆಯ ಬಾಗಿಲಿಗೇ ಕರೆತಂದಿತೆಂಬುದನ್ನು ಒಪ್ಪಬೇಕು.